ರಾಗಿ ಸರಿ ಪುಡಿ: ಮೊದಲು ಮಗುವನ್ನು ನೋಡಿ, ಆಮೇಲೆ ಪೊಟ್ಟಣ ನೋಡಿ

ಬೆಂಗಳೂರು, ಮೈಸೂರು, ತುಮಕೂರು ಕಡೆಯ ಅಂಗಡಿಗೆ ಹೋಗಿ 'ಮಗುವಿಗೆ ರಾಗಿ ಸರಿ (ಗಂಜಿ) ಪುಡಿ ಕೊಡಿ' ಅಂದರೆ ಸಾಮಾನ್ಯವಾಗಿ ಮೂರು ಬಗೆಯ ಪೊಟ್ಟಣ ಮುಂದೆ ಬರುತ್ತವೆ. ಬರೀ ಮೊಳಕೆ ರಾಗಿಯದು ಒಂದು. ಗೋಧಿ, ಹೆಸರುಬೇಳೆ, ಬಾದಾಮಿ, ಗೋಡಂಬಿ, ಏಲಕ್ಕಿ ಎಲ್ಲ ಸೇರಿಸಿ 'ಮಲ್ಟಿಗ್ರೇನ್' ಅಂತ ಬರೆದದ್ದು ಇನ್ನೊಂದು. ಮೂರನೆಯದು 'ರಾಗಿ ಮಾಲ್ಟ್', ಇದರಲ್ಲಿ ಸಕ್ಕರೆಯೋ ಬೆಲ್ಲವೋ ಮೊದಲೇ ಸೇರಿರುತ್ತದೆ. ಪಕ್ಕದ ಕಪಾಟಿನಲ್ಲಿ ದೊಡ್ಡ ಕಂಪನಿಗಳ ಡಬ್ಬಿ ಸೀರಿಯಲ್ ಬೇರೆ. ಹೆಚ್ಚಿನವುಗಳ ಮೇಲೆ '6 ತಿಂಗಳಿನಿಂದ' ಎಂದು ಅಚ್ಚಾಗಿರುತ್ತದೆ. ಈ ವಿಮರ್ಶೆ ಮುಖ್ಯವಾಗಿ ಮೊದಲ ಮೂರರ ಬಗ್ಗೆ. ಡಬ್ಬಿಯನ್ನೂ ಬಟ್ಟಲು, ಚಮಚ, ಕುರ್ಚಿಗಳನ್ನೂ ಕೊನೆಯಲ್ಲಿ ಮುಟ್ಟಿ ಹೋಗುತ್ತೇವೆ.

ಪೊಟ್ಟಣ ಎಷ್ಟೇ ಚೆನ್ನಾಗಿದ್ದರೂ ಮಗು ತಯಾರಿಲ್ಲದಿದ್ದರೆ ಅದು ಕೆಟ್ಟ ಖರೀದಿಯೇ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಮಗು ತಯಾರಿದೆಯೇ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 6 ತಿಂಗಳು ಅಂದರೆ 180 ದಿನ ತುಂಬಿರಬೇಕು, ಆರನೇ ತಿಂಗಳಿಗೆ ಕಾಲಿಡುವುದಲ್ಲ. ಅಲ್ಲಿಯವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ವಯಸ್ಸಿನ ಜತೆಗೆ ಮೂರು ಲಕ್ಷಣ ಒಟ್ಟಿಗೆ ಕಾಣಬೇಕು. ಮೊದಲನೆಯದು ಕತ್ತು ನಿಲ್ಲುವುದು: ಸೊಂಟಕ್ಕೆ ಸ್ವಲ್ಪ ಆಸರೆ ಕೊಟ್ಟು ಕೂರಿಸಿದರೆ ತಲೆ ಅತ್ತಿತ್ತ ವಾಲದೆ ನೆಟ್ಟಗೆ ನಿಲ್ಲಬೇಕು. ಎರಡನೆಯದು ಕಣ್ಣು, ಕೈ, ಬಾಯಿಯ ಹೊಂದಾಣಿಕೆ. ತಟ್ಟೆಯಲ್ಲಿರುವುದನ್ನು ನೋಡಿ, ಹಿಡಿದು, ತಪ್ಪದೆ ಬಾಯಿಗೆ ತರಬೇಕು. ಮೂರನೆಯದೇ ಹೆಚ್ಚು ಜನ ಗಮನಿಸದೆ ಬಿಡುವಂಥದ್ದು, ನಾಲಿಗೆ. ಹುಟ್ಟಿದ ಮಗುವಿನ ನಾಲಿಗೆ ಬಾಯಿಗೆ ಬಂದ ಗಟ್ಟಿ ವಸ್ತುವನ್ನು ತಾನಾಗಿಯೇ ಹೊರಗೆ ದಬ್ಬುತ್ತದೆ. ಉಸಿರುನಾಳಕ್ಕೆ ಏನೂ ಹೋಗದಿರಲಿ ಅಂತ ದೇಹ ಮಾಡಿಕೊಂಡ ಕಾವಲು ಅದು. ಈ ದಬ್ಬುವ ಗುಣ ಸಾಮಾನ್ಯವಾಗಿ 4ರಿಂದ 6 ತಿಂಗಳ ನಡುವೆ ಸಡಿಲವಾಗುತ್ತದೆ.

ಪರೀಕ್ಷೆ ಸುಲಭ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಕುದಿಸಿ ಆರಿಸಿದ ಖಾಲಿ ಚಮಚದ ತುದಿಯನ್ನು ಕೆಳತುಟಿಗೆ ತಾಗಿಸಿ. ಬಾಯಿ ತೆರೆದು, ತುಟಿ ಚಮಚದ ಮೇಲೆ ಮುಚ್ಚಿದರೆ ಒಳ್ಳೆಯ ಸೂಚನೆ. ಪ್ರತಿ ಸಲವೂ ನಾಲಿಗೆ ಮುಂದೆ ಬಂದು ಚಮಚವನ್ನು ತಳ್ಳಿದರೆ ನಾಲ್ಕೈದು ದಿನ ಬಿಟ್ಟು ಮತ್ತೆ ನೋಡಿ. ಸರಿ ಕೊಡಲು ಶುರು ಮಾಡಿದ ಮೇಲೂ ಇದೇ ಅಳತೆಗೋಲು: ಕೊಟ್ಟದ್ದರಲ್ಲಿ ಒಳಗೆ ಹೋಗುವುದಕ್ಕಿಂತ ಗಲ್ಲದ ಮೇಲೆ ಬರುವುದೇ ಹೆಚ್ಚಾದರೆ ಪುಡಿಯ ರುಚಿಯನ್ನು ದೂರಬೇಡಿ, ನಾಲಿಗೆ ಇನ್ನೂ ಕಲಿತಿಲ್ಲ ಅಷ್ಟೆ.

ಮನೆಯವರು 'ಹಸಿವಿನ ಗುರುತು' ಅನ್ನುವ ಎಷ್ಟೋ ವಿಷಯ ಗುರುತೇ ಅಲ್ಲ. ಮುಷ್ಟಿ ಚೀಪುವುದು, ಜೊಲ್ಲು ಸುರಿಸುವುದು, ರಾತ್ರಿ ಮತ್ತೆ ಮತ್ತೆ ಏಳುವುದು, ಹೆಚ್ಚು ಹಾಲು ಕೇಳುವುದು, ಎಲ್ಲವೂ ಮೂರು ನಾಲ್ಕು ತಿಂಗಳ ಮಗುವಿನ ಸಹಜ ನಡವಳಿಕೆ. 'ನಾವು ತಿನ್ನೋವಾಗ ಬಾಯಿ ನೋಡುತ್ತೆ' ಅನ್ನುವುದೂ ಒಂಟಿಯಾಗಿ ಸಾಲದು. ಆ ವಯಸ್ಸಿನ ಮಗು ಫ್ಯಾನನ್ನೂ ಅಷ್ಟೇ ಆಸೆಯಿಂದ ನೋಡುತ್ತದೆ. ಹಲ್ಲು ಬರಬೇಕೆಂದೂ ಇಲ್ಲ, ವಸಡಿನಲ್ಲೇ ಸಾಕಷ್ಟು ಅರೆಯುತ್ತದೆ. ರಾತ್ರಿ ಗಡದ್ದಾಗಿ ಮಲಗಲಿ ಅಂತ ಮಲಗುವ ಮುಂಚೆ ಸರಿ ತುಂಬಿಸುವುದರಿಂದ ನಿದ್ದೆ ಹೆಚ್ಚುತ್ತದೆ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ.

ಅನ್ನಪ್ರಾಶನದ ಲೆಕ್ಕ ಇಲ್ಲಿ ಅಡ್ಡ ಬರುವುದುಂಟು. ಗಂಡುಮಗುವಿಗೆ ಸಮ ತಿಂಗಳು, ಹೆಣ್ಣುಮಗುವಿಗೆ ಬೆಸ ತಿಂಗಳು ಎಂಬ ಪದ್ಧತಿಯಲ್ಲಿ ಹೆಣ್ಣುಮಗುವಿಗೆ ಐದನೇ ತಿಂಗಳಲ್ಲೇ ಮುಹೂರ್ತ ಇಟ್ಟುಬಿಡುತ್ತಾರೆ. ಪದ್ಧತಿಯೊಳಗೇ ದಾರಿಯೂ ಇದೆ, ಏಳನೇ ತಿಂಗಳು ಸಹ ಬೆಸವೇ. ಹಿರಿಯರ ಜತೆ ವಾದಕ್ಕೆ ಇಳಿಯುವ ಬದಲು ಏಳಕ್ಕೆ ಇಡಿಸಿ. ಆ ದಿನದ ಪಾಯಸಕ್ಕೆ ಜೇನು ಮಾತ್ರ ಬೇಡ. ಜೇನಿನಲ್ಲಿ ಇರಬಹುದಾದ ಬಾಟ್ಯುಲಿಸಂ ಬೀಜಾಣು ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಹುಟ್ಟಿಸಬಲ್ಲದು. ಕುದಿಸಿದರೂ ಆ ಬೀಜಾಣು ಸಾಯುವುದಿಲ್ಲ.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಲೆಕ್ಕ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಕ್ಯಾಲೆಂಡರಿನಲ್ಲಿ 6 ತಿಂಗಳಾದಾಗ ಸರಿಪಡಿಸಿದ ವಯಸ್ಸು 4 ತಿಂಗಳು ಮಾತ್ರ. ಅಂಥ ಮಗುವಿಗೆ ಶುರು ಮಾಡುವ ದಿನವನ್ನು ಕತ್ತಿನ ಹಿಡಿತ, ತೂಕ ಎರಡನ್ನೂ ನೋಡಿ ಮಕ್ಕಳ ವೈದ್ಯರೇ ಹೇಳಬೇಕು. ಹಾಗೆಯೇ ತಡ ಮಾಡುವುದೂ ತಪ್ಪು. ಹೊಟ್ಟೆಯಲ್ಲಿದ್ದಾಗ ಕೂಡಿಟ್ಟ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ಕರಗುತ್ತ ಬಂದಿರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಏಳು ತಿಂಗಳು ಮುಗಿದರೂ ಆಸರೆ ಕೊಟ್ಟು ಕೂರಿಸಿದಾಗ ಕತ್ತು ನಿಲ್ಲದಿದ್ದರೆ 'ಇನ್ನೂ ತಯಾರಿಲ್ಲ' ಅಂತ ಸುಮ್ಮನಿರುವ ವಿಷಯವಲ್ಲ, ತೋರಿಸಲೇಬೇಕು.

ಇನ್ನೊಂದು ಮಾತು. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ 14ನೇ ವಾರದ ಸೂಜಿ ಆದಮೇಲೆ ಮುಂದಿನದು 9 ತಿಂಗಳಿಗೆ. ಅಂದರೆ ಊಟ ಶುರುವಾಗುವ ಹೊತ್ತಿಗೆ ಆಸ್ಪತ್ರೆಗೆ ಹೋಗುವ ಕಾರಣವೇ ಇರುವುದಿಲ್ಲ. ಆಶಾ ಕಾರ್ಯಕರ್ತೆ 3, 6, 9, 12, 15ನೇ ತಿಂಗಳಿಗೆ ಮನೆಗೆ ಬಂದು ನೋಡುವ ವ್ಯವಸ್ಥೆ ಇದೆ. ತಾಯಿ ಕಾರ್ಡ್ ಎತ್ತಿಟ್ಟುಕೊಂಡು ಆರನೇ ತಿಂಗಳ ಭೇಟಿಯಲ್ಲಿ ತೂಕದ ಗೆರೆಯನ್ನು ಹಾಕಿಸಿಕೊಳ್ಳಿ.

ಪುಡಿ ನಿಜವಾಗಿ ಮೊಳಕೆಯದೇ?

ಈಗ ಪೊಟ್ಟಣಕ್ಕೆ ಬರೋಣ. ರಾಗಿಯ ಹೆಸರು ನಿಂತಿರುವುದು ಸುಣ್ಣದ ಅಂಶದ ಮೇಲೆ: ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಆಹಾರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ, ಸುಮಾರು 320 ಕಿಲೋಕ್ಯಾಲೊರಿ. ಮಗು ಒಂದು ಹೊತ್ತಿಗೆ ತಿನ್ನುವುದು 15ರಿಂದ 25 ಗ್ರಾಂ ಪುಡಿ ಅಷ್ಟೇ. 15 ಗ್ರಾಂ ಅಂದರೆ 55 ಮಿಲಿಗ್ರಾಂ ಕ್ಯಾಲ್ಸಿಯಂ, 0.7 ಮಿಲಿಗ್ರಾಂ ಕಬ್ಬಿಣ. ಅದರಲ್ಲೂ ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವುದು ಇನ್ನೂ ಕಡಿಮೆ. 'ರಾಗಿ ತಿಂದರೆ ರಕ್ತ ಆಗುತ್ತೆ' ಅನ್ನುವ ಪೊಟ್ಟಣದ ಮಾತನ್ನು ಪಕ್ಕಕ್ಕಿಡಿ.

ಹಾಗಾದರೆ ಮೊಳಕೆ ಬರಿಸುವುದೇಕೆ? ಬಹಳ ಜನ 'ಜೀರ್ಣಕ್ಕೆ ಸುಲಭ' ಅಂದು ನಿಲ್ಲಿಸುತ್ತಾರೆ. ಅಸಲು ಲಾಭ ಗಟ್ಟಿತನದಲ್ಲಿದೆ. ಮೊಳಕೆಯೊಡೆದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಕತ್ತರಿಸುವುದರಿಂದ ಅದೇ ಪ್ರಮಾಣದ ಪುಡಿ ಹಾಕಿದರೂ ಗಂಜಿ ತೆಳ್ಳಗಾಗುತ್ತದೆ. ಮಗುವಿನ ಹೊಟ್ಟೆ ಹಿಡಿಸುವುದು ಕಿಲೋ ತೂಕಕ್ಕೆ ಸುಮಾರು 30 ಗ್ರಾಂ, ಏಳು ಕಿಲೋ ಮಗುವಿಗೆ 200 ಗ್ರಾಂ ಚಿಲ್ಲರೆ. ಅಷ್ಟರೊಳಗೆ ಎಷ್ಟು ಶಕ್ತಿ ತುಂಬುತ್ತೀರಿ ಅನ್ನುವುದೇ ಲೆಕ್ಕ. ಗ್ರಾಂಗೆ ಕನಿಷ್ಠ 0.8 ಕಿಲೋಕ್ಯಾಲೊರಿ ಇರಲಿ ಅನ್ನುವುದು ಶಿಫಾರಸು. ಮೊಳಕೆ ಬರಿಸದ ರಾಗಿ ಹಿಟ್ಟು 15 ಗ್ರಾಂ ತೆಗೆದುಕೊಂಡು 150 ಮಿಲಿಲೀಟರ್ ನೀರಿನಲ್ಲಿ ಕಾಸಿದರೆ ಆಗಲೇ ಗಟ್ಟಿಯಾಗುತ್ತದೆ, ಅದರಲ್ಲಿರುವುದು 48 ಕಿಲೋಕ್ಯಾಲೊರಿ, ಗ್ರಾಂಗೆ 0.3. ಇದು ಹೊಟ್ಟೆ ತುಂಬಿಸಿ ಮಗುವನ್ನು ಬಡವಾಗಿಸುವ ಊಟ. ಮೊಳಕೆಯ ಪುಡಿಯಾದರೆ ಅಷ್ಟೇ ನೀರಿಗೆ 25 ಗ್ರಾಂ ಹಾಕಬಹುದು, ಮೇಲೆ ಒಂದು ಟೀ ಚಮಚ ತುಪ್ಪ ಬಿಟ್ಟರೆ 125 ಕಿಲೋಕ್ಯಾಲೊರಿ, ಗುರಿಯ ಹತ್ತಿರ. 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಜತೆ ದಿನಕ್ಕೆ ಬೇಕಾದದ್ದು ಸುಮಾರು 200 ಕಿಲೋಕ್ಯಾಲೊರಿ, ಹಾಗಾಗಿ ಇಂಥ ಎರಡು ಹೊತ್ತು ಸಾಕು.

ಪೊಟ್ಟಣದ ಮೇಲೆ 'ಮೊಳಕೆ ಬರಿಸಿದ' ಅಂತ ಬರೆದ ಮಾತ್ರಕ್ಕೆ ನಂಬಬೇಕಿಲ್ಲ, ಮನೆಯಲ್ಲೇ ಗೊತ್ತುಮಾಡಿಕೊಳ್ಳಬಹುದು. ಸಾಮಾನ್ಯ ರಾಗಿ ಹಿಟ್ಟು ಎರಡು ಊಟದ ಚಮಚವನ್ನು ಒಂದು ಲೋಟ ನೀರಿನಲ್ಲಿ ಕಾಸಿ ಗಟ್ಟಿ ಗಂಜಿ ಮಾಡಿ. ಒಲೆಯಿಂದ ಇಳಿಸಿ, ಬೆರಳಿಟ್ಟರೆ ಸುಟ್ಟು ತಕ್ಷಣ ತೆಗೆಯುವಷ್ಟು ಬಿಸಿ ಇರುವಾಗ, ಅಂದಾಜು 60ರಿಂದ 65 ಡಿಗ್ರಿಯಲ್ಲಿ, ಪರೀಕ್ಷಿಸಬೇಕಾದ ಪುಡಿ ಒಂದು ಟೀ ಚಮಚ ಹಾಕಿ ಕಲಸಿ ಮುಚ್ಚಿಡಿ. ಹತ್ತು ನಿಮಿಷ ಬಿಟ್ಟು ಚಮಚ ಎತ್ತಿ ನೋಡಿ. ಮೊದಲು ಮುದ್ದೆಯಾಗಿ ಬೀಳುತ್ತಿದ್ದದ್ದು ಈಗ ಮಜ್ಜಿಗೆಯ ಹಾಗೆ ಹರಿದರೆ ಪುಡಿಯಲ್ಲಿ ಜೀವ ಇದೆ. ಹಾಗೇ ಗಟ್ಟಿಯಾಗಿ ಕೂತಿದ್ದರೆ ಮೊಳಕೆ ಬರಿಸಿಲ್ಲ, ಇಲ್ಲವೇ ಮೊಳಕೆ ಬರಿಸಿ ಆಮೇಲೆ ಕಿಣ್ವ ಸಾಯುವಷ್ಟು ಹುರಿದಿದ್ದಾರೆ. ಪರೀಕ್ಷೆ ಮಾಡಿದ ಗಂಜಿಯನ್ನು ಮಗುವಿಗೆ ಕೊಡಬೇಡಿ, ಮೇಲೆ ಹಾಕಿದ ಪುಡಿ ಬೆಂದಿರುವುದಿಲ್ಲ.

ಈ ಪರೀಕ್ಷೆಯಲ್ಲಿ ಸೋಲುವುದು ಹೆಚ್ಚಾಗಿ ಘಮಘಮ ಅನ್ನುವ ಪುಡಿಗಳೇ. ಡಬ್ಬಿ ತೆರೆದ ಕೂಡಲೇ ಮೂಗಿಗೆ ಬಡಿಯುವ ಹುರಿದ ವಾಸನೆ ಕೊಳ್ಳುವ ದೊಡ್ಡವರಿಗೆ ಇಷ್ಟ, ಆದರೆ ಅದು ಕಿಣ್ವ ಹೋದದ್ದರ ಸುಳಿವು. ಒಳ್ಳೆಯ ಸರಿ ಪುಡಿಯ ಬಣ್ಣ ತಿಳಿ ಬೂದುಗೆಂಪು, ವಾಸನೆ ಮಂದ, ಬೆರಳ ನಡುವೆ ಉಜ್ಜಿದರೆ ಟಾಲ್ಕಂ ಪೌಡರಿನಷ್ಟು ನಯ. ತರಿ ಸಿಕ್ಕರೆ ಬಟ್ಟೆಯಲ್ಲಿ ಸೋಸಿಲ್ಲ, ಆ ಹೊಟ್ಟು ಆರು ತಿಂಗಳ ಮಗುವಿನ ಗಂಟಲಲ್ಲಿ ಕೆರೆಯುತ್ತದೆ.

ಮಲ್ಟಿಗ್ರೇನ್ ಪೊಟ್ಟಣವನ್ನು ಮೊದಲ ಪೊಟ್ಟಣವಾಗಿ ನಾವು ಶಿಫಾರಸು ಮಾಡುವುದಿಲ್ಲ. ಅದರೊಳಗಿನ ಕಾಳು ಬೇಳೆಯ ಮೇಲೆ ನಮಗೆ ತಕರಾರಿಲ್ಲ. ಶೇಂಗಾ, ಗೋಧಿ, ಮೊಟ್ಟೆಯನ್ನು ಆರು ತಿಂಗಳ ಮೇಲೆ ತಡ ಮಾಡುವ ಅಗತ್ಯವೂ ಇಲ್ಲ. ತೊಂದರೆ ಏನೆಂದರೆ, ಹತ್ತು ಪದಾರ್ಥ ಒಂದೇ ದಿನ ಹೊಟ್ಟೆಗೆ ಹೋಗಿ ಮೈಮೇಲೆ ದದ್ದು ಎದ್ದರೆ ಯಾವುದರಿಂದ ಅಂತ ಹೇಗೆ ಹೇಳುತ್ತೀರಿ? ಒಂದೊಂದು ಹೊಸ ಪದಾರ್ಥವನ್ನು ಎರಡು ಮೂರು ದಿನ ಬಿಟ್ಟು ಬಿಟ್ಟು ಪರಿಚಯಿಸಿ, ಎಲ್ಲವೂ ಒಗ್ಗಿದ ಮೇಲೆ, ಎಂಟನೇ ತಿಂಗಳ ಹೊತ್ತಿಗೆ, ಮಲ್ಟಿಗ್ರೇನ್ ತಂದರೆ ಸರಿ. ಗೋಡಂಬಿ ಬಾದಾಮಿ ಸೇರಿದ ಪುಡಿಗೆ ಇನ್ನೊಂದು ಕಾಟ, ಎಣ್ಣೆಯಂಶದಿಂದ ಬೇಗ ಕಮಟು ಹಿಡಿಯುತ್ತದೆ. ಅಂಗಡಿಯ ಬಿಸಿಲಿಗೆ ಬೀಳುವ ಕಪಾಟಿನಲ್ಲಿ ಎರಡು ತಿಂಗಳು ಕೂತಿದ್ದನ್ನು ತರಬೇಡಿ. ಬಜೆ, ಜಾಯಿಕಾಯಿ ಪುಡಿ ಸೇರಿಸಿದ್ದೇವೆ ಅಂತ ಹೆಮ್ಮೆಯಿಂದ ಬರೆದುಕೊಂಡ ಪೊಟ್ಟಣ ಕಂಡರೆ ಅಲ್ಲೇ ಬಿಡಿ. ಜಾಯಿಕಾಯಿ ಮಂಪರು ತರುತ್ತದೆ, ಮಗು ಮಲಗುವುದು ಅದಕ್ಕೇ.

ರಾಗಿ ಮಾಲ್ಟ್ ದೊಡ್ಡ ಮಕ್ಕಳ, ದೊಡ್ಡವರ ಪಾನೀಯ. ಪದಾರ್ಥಗಳ ಸಾಲಿನಲ್ಲಿ ಸಕ್ಕರೆ, ಬೆಲ್ಲ, ಕಲ್ಲುಸಕ್ಕರೆ, ಮಾಲ್ಟೋಡೆಕ್ಸ್‌ಟ್ರಿನ್ ಯಾವುದಿದ್ದರೂ ಒಂದು ವರ್ಷದೊಳಗೆ ಬೇಡ. ಬೆಲ್ಲವೂ ಸಕ್ಕರೆಯೇ. ಉಪ್ಪೂ ಹಾಗೆಯೇ, ಒಂದು ವರ್ಷದವರೆಗೆ ಹಾಕಬೇಕಿಲ್ಲ. ಸಪ್ಪೆ ಅನ್ನಿಸುವುದು ನಮ್ಮ ನಾಲಿಗೆಗೆ, ಮಗುವಿನ ನಾಲಿಗೆಗೆ ಹೋಲಿಸಲು ಏನೂ ಗೊತ್ತಿಲ್ಲ.

ಲೇಬಲ್ ನೋಡುವಾಗ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ತಯಾರಿಸಿದ ದಿನಾಂಕ ಎರಡೂ ಇರಲಿ. ಗುಂಡು ಗುಂಡು ಮಗುವಿನ ಚಿತ್ರ ಇದ್ದರೆ ಅದು ಅನುಮಾನಕ್ಕೆ ಕಾರಣ. 1992ರ ಶಿಶು ಆಹಾರ ಕಾಯ್ದೆ, 2003ರ ತಿದ್ದುಪಡಿಯ ನಂತರ, ಎರಡು ವರ್ಷದೊಳಗಿನ ಮಕ್ಕಳ ಆಹಾರದ ಪೊಟ್ಟಣದ ಮೇಲೆ ಮಗುವಿನ ಅಥವಾ ತಾಯಿಯ ಚಿತ್ರ ಹಾಕುವುದನ್ನು ನಿಷೇಧಿಸುತ್ತದೆ, ಜಾಹೀರಾತನ್ನೂ ಸಹ. ಈ ಸಣ್ಣ ನಿಯಮವೇ ಗೊತ್ತಿಲ್ಲದ ತಯಾರಕರಿಗೆ ತೇವಾಂಶ, ಬೂಷ್ಟಿನ ನಿಯಮ ಗೊತ್ತಿರುತ್ತದೆ ಅಂತ ಹೇಗೆ ನಂಬುವುದು?

ಮನೆಯಲ್ಲೇ ಮಾಡಿದರೆ

ಬೆಲೆಯ ವಿಷಯಕ್ಕೆ ಬಂದರೆ ಅಂಗಡಿ ಪುಡಿ ಸೋಲುತ್ತದೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ ಇತ್ತು, ಕಿಲೋಗೆ 49ರೊಳಗೆ. 200 ಗ್ರಾಂ ಪೊಟ್ಟಣದ ಬೆಲೆಯನ್ನು ಐದರಿಂದ ಗುಣಿಸಿ ನೋಡಿದರೆ ನೀವು ಕೊಡುತ್ತಿರುವುದು ಯಾವುದಕ್ಕೆ ಅಂತ ತಿಳಿಯುತ್ತದೆ: ರಾಗಿಗಲ್ಲ, ಎರಡು ಮೂರು ದಿನದ ಕೆಲಸಕ್ಕೆ. ಆ ಕೆಲಸಕ್ಕೆ ಬೆಲೆ ಇಲ್ಲ ಅಂತಲ್ಲ. ಬಾಣಂತನ ಮುಗಿಸಿ ಒಬ್ಬಂಟಿಯಾಗಿ ಮಗು ನೋಡಿಕೊಳ್ಳುವವರಿಗೆ ಪೊಟ್ಟಣವೇ ಸರಿ.

ಮಾಡುವುದಾದರೆ ಅರ್ಧ ಕಿಲೋಗಿಂತ ಹೆಚ್ಚು ಒಮ್ಮೆಗೇ ಬೇಡ. ಕಲ್ಲು ಆರಿಸಿ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆದು, ಹತ್ತು ಹನ್ನೆರಡು ಗಂಟೆ ನೆನೆಸಿ, ನೀರು ಬಸಿದು ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಿ. ಬಿಗಿಯಾಗಿ ಕಟ್ಟಿದರೆ ನಡುವೆ ಬಿಸಿಯಾಗಿ ಹುಳಿ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಒಂದು ದಿನಕ್ಕೆ, ಚಳಿಯಲ್ಲಿ ಎರಡು ದಿನಕ್ಕೆ ಕಾಲು ಅಂಗುಲ ಮೊಳಕೆ ಬಂದರೆ ಸಾಕು. ಹೆಚ್ಚು ಉದ್ದ ಬಿಟ್ಟರೆ ಕಹಿ. ಕೆಡುವ ಜಾಗ ಮುಖ್ಯವಾಗಿ ಮುಂದಿನದು, ಒಣಗಿಸುವುದು. ಮಳೆಗಾಲದಲ್ಲಿ ಮೂರು ದಿನ ಹಸಿಯಾಗಿ ಉಳಿದರೆ ಬೂಷ್ಟು ಬರುತ್ತದೆ, ಅಫ್ಲಾಟಾಕ್ಸಿನ್ ಎಂಬ ವಿಷ ಅಲ್ಲಿಂದಲೇ ಬರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಹಸಿರು, ಕಪ್ಪು, ಬಿಳಿ ಎಳೆ ಯಾವುದು ಕಂಡರೂ ಇಡೀ ರಾಶಿಯನ್ನು ಬಿಸಾಡಿ, ಆರಿಸಿ ಉಳಿಸಿಕೊಳ್ಳಬೇಡಿ. ಜಡಿಮಳೆಯ ದಿನಗಳಲ್ಲಿ ಮಲೆನಾಡಿನವರೂ ಕರಾವಳಿಯವರೂ ಪುಡಿ ಮಾಡುವ ಸಾಹಸಕ್ಕೆ ಹೋಗದೆ ಮಣ್ಣಿ ಮಾಡುವುದೇ ವಾಸಿ: ನೆನೆಸಿದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಅವತ್ತಿನದು ಅವತ್ತೇ ಕಾಸುವುದು.

ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ ಮೊಳಕೆಯ ಬೇರನ್ನು ಉದುರಿಸಿ, ಮೊರದಲ್ಲಿ ಕೇರಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಸಿಡಿಯುವವರೆಗೆ ಹುರಿಯುವುದು ಬೇಡ, ಕಾರಣ ಮೇಲೆಯೇ ಹೇಳಿದೆವು. ಮಿಲ್ಲಿಗೆ ಕೊಟ್ಟರೆ ಮುಂಚೆ ಮೆಣಸಿನಕಾಯಿ ಬೀಸಿದ ಯಂತ್ರವಲ್ಲ ಅಂತ ಕೇಳಿಕೊಳ್ಳಿ. ಹಿಟ್ಟನ್ನು ಪಂಚೆ ಬಟ್ಟೆ ಕಟ್ಟಿದ ಪಾತ್ರೆಯ ಮೇಲೆ ಸುರಿದು ಕೈಯಾಡಿಸಿ ಸೋಸಿ. ಮೇಲೆ ಉಳಿದ ತರಿ ದೊಡ್ಡವರ ರೊಟ್ಟಿಗೆ. ಗಾಜಿನ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಒಂದು ತಿಂಗಳು ನಿರಾತಂಕ.

ಕಾಸುವ ಕ್ರಮ

ಒಳ್ಳೆಯ ಪುಡಿಯನ್ನೂ ಹಾಳುಮಾಡುವುದು ಕುದಿಯುವ ನೀರಿಗೆ ಸುರಿಯುವ ಅಭ್ಯಾಸ. ಗಂಟು ಕಟ್ಟುವುದು ಒಂದು, ಕಿಣ್ವ ಆ ಕ್ಷಣವೇ ಸಾಯುವುದು ಇನ್ನೊಂದು. ತಣ್ಣೀರಿನಲ್ಲಿ ಪೂರ್ತಿ ಕದಡಿ, ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುವಿ. ಆವಿ ಏಳುವ ಹಂತದಲ್ಲಿ, ಇನ್ನೂ ಕುದಿ ಬರುವ ಮುಂಚೆ, ಉರಿ ಆರಿಸಿ ಐದು ನಿಮಿಷ ಮುಚ್ಚಿಡಿ. ಕಿಣ್ವ ಕೆಲಸ ಮಾಡುವುದು ಆಗಲೇ. ಮತ್ತೆ ಹಚ್ಚಿ ಎಂಟು ಹತ್ತು ನಿಮಿಷ ಕುದಿಸಿ. ಹಸಿ ವಾಸನೆ ಹೋಗಿ ಮೇಲ್ಮೈ ಹೊಳೆಯಬೇಕು. ಹದ ನೋಡಲು ಚಮಚವನ್ನು ಓರೆ ಮಾಡಿ: ನೀರಿನ ಹಾಗೆ ಓಡಬಾರದು, ಅಂಟಿಕೊಂಡೂ ಇರಬಾರದು, ನಿಧಾನವಾಗಿ ಜಾರಬೇಕು. ಆರುತ್ತ ಇನ್ನಷ್ಟು ಗಟ್ಟಿಯಾಗುತ್ತದೆ, ಹಾಗಾಗಿ ಒಲೆಯ ಮೇಲೆ ಸ್ವಲ್ಪ ಸಡಿಲವಾಗಿರುವಾಗಲೇ ಇಳಿಸಿ. ಹಸುವಿನ ಹಾಲಿನಲ್ಲಿ ಕಾಸುವ ಅಗತ್ಯವಿಲ್ಲ. ತೆಗೆದಿಟ್ಟ ಎದೆಹಾಲು ಇದ್ದರೆ ಆರಿದ ಮೇಲೆ ಒಂದೆರಡು ಚಮಚ ಬೆರೆಸಬಹುದು.

ಮೊದಲ ಮೂರು ದಿನ ಬೆಳಗಿನ ಹೊತ್ತು ಒಂದೇ ಸಲ, ಎರಡು ಮೂರು ಟೀ ಚಮಚ. ಬೆಳಗ್ಗೆಯೇ ಏಕೆಂದರೆ ದದ್ದು, ವಾಂತಿ ಏನಾದರೂ ಆದರೆ ಹಗಲಿನಲ್ಲಿ ಗೊತ್ತಾಗುತ್ತದೆ, ವೈದ್ಯರೂ ಸಿಗುತ್ತಾರೆ. ಮಗು ಹಸಿದು ಚೀರುವಾಗಲೂ ಬೇಡ, ಹೊಟ್ಟೆ ತುಂಬಾ ಹಾಲು ಕುಡಿದ ಮೇಲೂ ಬೇಡ, ಅರ್ಧ ಹಾಲು ಕುಡಿದು ಸಮಾಧಾನವಾಗಿರುವಾಗ ಕೂರಿಸಿ. ವಾರ ಕಳೆದ ಮೇಲೆ ಎರಡು ಹೊತ್ತು, ಎಂಟನೇ ತಿಂಗಳ ಹೊತ್ತಿಗೆ ಪ್ರತಿ ಊಟಕ್ಕೆ ಅರ್ಧ ಬಟ್ಟಲು, ಅಂದರೆ 125 ಮಿಲಿಲೀಟರ್. ಮುಖ ತಿರುಗಿಸಿದರೆ, ತುಟಿ ಬಿಗಿ ಹಿಡಿದರೆ ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಸಂಜೆಗೆ ಬಿಸಿ ಮಾಡಿ ಕೊಡಬೇಡಿ, ಚಮಚದಲ್ಲಿ ಎಂಜಲು ಸೇರಿರುತ್ತದೆ.

ಮಲ ಗಟ್ಟಿಯಾಗುವುದು ಈ ಹಂತದ ಸಾಮಾನ್ಯ ದೂರು. ರಾಗಿಯನ್ನು ನಿಲ್ಲಿಸುವ ಮುಂಚೆ ಹದವನ್ನು ಸಡಿಲ ಮಾಡಿ, ಕುದಿಸಿ ಆರಿಸಿದ ನೀರು ನಡುನಡುವೆ ಎರಡು ಮೂರು ಚಮಚ ಕುಡಿಸಿ, ಮಾಗಿದ ಪರಂಗಿ ಹಣ್ಣಿನ ತಿರುಳು ಸೇರಿಸಿ. ಮಲದ ಬಣ್ಣ ಕಂದಾದರೆ ಗಾಬರಿ ಬೇಡ, ರಾಗಿಯ ಬಣ್ಣವೇ ಅದು.

ಇಡೀ ತಿಂಗಳು ರಾಗಿ ಸರಿಯೊಂದರ ಮೇಲೇ ನಿಲ್ಲುವುದು ನಮ್ಮ ಕಡೆಯ ದೊಡ್ಡ ಕೊರತೆ. ಎರಡನೇ ವಾರಕ್ಕೇ ಹೆಸರುಬೇಳೆ ನುಣ್ಣಗೆ ಬೇಯಿಸಿ ಸೇರಿಸಿ. ಬೇಳೆಯ ಕಟ್ಟು ಸಾಲದು, ಬೇಳೆಯೇ ಹೋಗಬೇಕು. ಮೊಟ್ಟೆ, ಮೀನು, ಕೋಳಿ ತಿನ್ನುವ ಮನೆಗಳಲ್ಲಿ ಅವೂ ಆರು ತಿಂಗಳ ಮೇಲೆ ಸಲ್ಲುತ್ತವೆ. ಕಬ್ಬಿಣದ ಮಟ್ಟಿಗೆ ಅವುಗಳ ಮುಂದೆ ರಾಗಿ ನಿಲ್ಲುವುದಿಲ್ಲ. ಜತೆಗೆ ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣಾಂಶದ ಸಿರಪ್, ವಾರಕ್ಕೆ ಎರಡು ಸಲ 1 ಮಿಲಿಲೀಟರ್, ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಆಶಾ ಅವರನ್ನು ಕೇಳಿ ಪಡೆಯಿರಿ.

ಡಬ್ಬಿ ಸೀರಿಯಲ್

ಕಂಪನಿ ಡಬ್ಬಿಯನ್ನು ಬೈಯುವುದು ಸುಲಭ, ಆದರೆ ಒಂದು ವಿಷಯದಲ್ಲಿ ಅದು ಗೆಲ್ಲುತ್ತದೆ: ಅದಕ್ಕೆ ಕಬ್ಬಿಣ ಬೆರೆಸಿರುತ್ತಾರೆ. ಸಸ್ಯಾಹಾರಿ ಮನೆಯಲ್ಲಿ, ಸಿರಪ್ ಸಿಗದ ಕಡೆ, ಇದು ಸಣ್ಣ ಮಾತಲ್ಲ. ಅಮೆರಿಕ, ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಅಲ್ಲಿನ ಓಟ್ಸ್ ಸೀರಿಯಲ್ ಸಿಗುವಾಗ ಊರಿಂದ ತಂದ ರಾಗಿಗೆ ಅದನ್ನು ಅರ್ಧ ಬೆರೆಸಿ ಕೊಡುವುದು ಒಳ್ಳೆಯ ಜೋಡಿ. ತಕರಾರು ಸಕ್ಕರೆಯದು. ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿ, ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಹೊತ್ತಿನ ಪ್ರಮಾಣಕ್ಕೆ ಸರಾಸರಿ 2.7 ಗ್ರಾಂ ಸೇರಿಸಿದ ಸಕ್ಕರೆ ಇದೆ ಎಂದಿತು. ಅದೇ ವರ್ಷ ಕಂಪನಿ ಸಂಸ್ಕರಿತ ಸಕ್ಕರೆ ಇಲ್ಲದ ಬಗೆಗಳನ್ನು ಪ್ರಕಟಿಸಿತು. ಈಗ ಎರಡೂ ಬಗೆ ಅಕ್ಕಪಕ್ಕ ಇರಬಹುದು, ಮುಂಭಾಗದ ಬರಹ ಬಿಟ್ಟು ಹಿಂಭಾಗದ ಪದಾರ್ಥಗಳ ಸಾಲನ್ನು ಓದಿಯೇ ತೆಗೆದುಕೊಳ್ಳಿ.

ಚಮಚ, ಒಳಲೆ, ಕುರ್ಚಿ

ಚಮಚ ಕಿರಿದಾಗಿ, ಆಳವಿಲ್ಲದೆ, ತುದಿ ಮೆತ್ತಗಿರಲಿ. ನಾಮಕರಣಕ್ಕೆ ಬಂದ ಬೆಳ್ಳಿ ಚಮಚದ ಗುಂಡಿ ಹೆಚ್ಚಾಗಿ ಆಳ, ಮಗುವಿನ ಮೇಲ್ತುಟಿ ತಳಕ್ಕೆ ಮುಟ್ಟುವುದಿಲ್ಲ. ಒಳಲೆಯನ್ನು ಔಷಧಕ್ಕೆ ಇಟ್ಟುಕೊಳ್ಳಿ. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಸರಿ ಹೊಯ್ಯುವುದರಿಂದ ಅದು ಉಸಿರುನಾಳಕ್ಕೆ ಇಳಿಯುವ ಅಪಾಯ ನಿಜವಾದದ್ದು. ಬಾಟಲಿಯ ನಿಪ್ಪಲಿನ ತೂತು ದೊಡ್ಡದು ಮಾಡಿ ತೆಳ್ಳಗಿನ ರಾಗಿ ಕುಡಿಸುವುದು ಅದಕ್ಕಿಂತ ಕೆಟ್ಟದ್ದು: ನಾಲಿಗೆ ಏನನ್ನೂ ಕಲಿಯುವುದಿಲ್ಲ, ಗಂಜಿಯಲ್ಲಿ ಶಕ್ತಿಯೂ ಇಲ್ಲ, ತೊಳೆಯದ ಮೂಲೆಯಲ್ಲಿ ಹುಳಿ ಹಿಡಿಯುತ್ತದೆ. ಹಿಂಡುವ ಚಮಚ-ಬಾಟಲಿಗೂ ಇದೇ ತೀರ್ಪು. ಹಣ್ಣು ತುಂಬಿ ಚೀಪಿಸುವ ಜಾಲರಿಯ ನಿಬ್ಲರ್ ಇಲ್ಲದೆಯೂ ನಡೆಯುತ್ತದೆ.

ಕುರ್ಚಿಯ ಬಗ್ಗೆ ಮಾತ್ರ ಎಚ್ಚರ. ಸೊಂಟವನ್ನು ಗುಂಡಿಯಲ್ಲಿ ಹೂತು ಕೂರಿಸುವ ಮೆತ್ತನೆಯ ನೆಲದ ಸೀಟುಗಳಲ್ಲಿ ನಾಲ್ಕು ತಿಂಗಳ ಮಗುವೂ ಕೂತಂತೆ ಕಾಣುತ್ತದೆ. ಕೂರಿಸಿದ್ದು ಸೀಟು, ಕೂತದ್ದು ಮಗುವಲ್ಲ. ಅದರಿಂದ ಎತ್ತಿ ನಿಮ್ಮ ತೊಡೆಯ ಮೇಲೆ ಕೂರಿಸಿದಾಗ ಬೆನ್ನು ಬಾಗಿ ಪಕ್ಕಕ್ಕೆ ವಾಲಿದರೆ ಊಟಕ್ಕೆ ಇನ್ನೂ ಸಮಯವಿದೆ. ಹೈಚೇರ್ ಕೊಳ್ಳುವುದಾದರೆ ಬೆನ್ನು ನೆಟ್ಟಗಿರುವ, ಪಾದಕ್ಕೆ ಹಲಗೆ ಇರುವ, ಬೆಲ್ಟ್ ಇರುವ ಮಾದರಿ ಸಾಕು. ಹಿಂದಕ್ಕೆ ಒರಗುವ ಸೌಲಭ್ಯಕ್ಕೆ ಹೆಚ್ಚು ಹಣ ಕೊಡಬೇಡಿ, ಊಟದ ಹೊತ್ತಿಗೆ ಅದನ್ನು ಬಳಸುವಂತೆಯೇ ಇಲ್ಲ.

ಮೊದಲ ದಿನಗಳಲ್ಲಿ ಮಗು ಓಕರಿಸಿದಂತೆ ಮಾಡಿ, ಕೆಮ್ಮಿ, ಮುಖ ಕೆಂಪಗೆ ಮಾಡಿಕೊಳ್ಳುವುದು ಸಹಜ. ಶಬ್ದ ಬರುತ್ತಿದೆ ಅಂದರೆ ಗಾಳಿ ಓಡಾಡುತ್ತಿದೆ, ಬೆರಳು ಹಾಕಬೇಡಿ. ಶಬ್ದವೇ ಇಲ್ಲದೆ ತುಟಿ ನೀಲಿಯಾಗುತ್ತ ಬಂದರೆ ಗಂಟಲು ಕಟ್ಟಿದೆ. ಆಗ ಮುಂಗೈ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಹೊಡೆಯಿರಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಒಂದು ಅಂಗೈ ಬುಡದಿಂದ ಐದು ಸಲ ಒತ್ತಿ, ಮತ್ತೆ ಮೊದಲಿನಿಂದ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಕೊನೆಗೆ ಹಣ ಕೊಡದೆ ಸಿಗುವ ಪೊಟ್ಟಣದ ಬಗ್ಗೆ. ಅಂಗನವಾಡಿಯಲ್ಲಿ 6 ತಿಂಗಳಿನಿಂದ 3 ವರ್ಷದ ಮಕ್ಕಳಿಗೆ ಮನೆಗೆ ಕೊಂಡೊಯ್ಯುವ ಪೌಷ್ಟಿಕ ಆಹಾರ ಕೊಡುತ್ತಾರೆ. ರಾಗಿಯ ಪೊಟ್ಟಣಕ್ಕೆ ಕೇಳಿದ ಪ್ರಶ್ನೆಗಳನ್ನೇ ಇದಕ್ಕೂ ಕೇಳಿ: ಸಿಹಿ ಸೇರಿದೆಯೇ, ತಯಾರಿಸಿದ ದಿನಾಂಕ ಯಾವುದು, ಕಮಟು ವಾಸನೆ ಇದೆಯೇ. ಸಿಹಿ ಇದ್ದರೆ ಆರನೇ ತಿಂಗಳಿಗೆ ಶುರು ಮಾಡದೆ, ವರ್ಷ ತುಂಬಿದ ಮೇಲೆ ಮೊಸರಿಗೋ ಬೇಯಿಸಿದ ಬೇಳೆಗೋ ಬೆರೆಸಿ ಕೊಡಬಹುದು. ಬೇಡ ಅಂತ ಹೆಸರು ತೆಗೆಸಬೇಡಿ, ತಿಂಗಳ ತೂಕ ನೋಡುವುದೂ ಅಲ್ಲೇ.